ಈಜು ಬರುತ್ತದೆ ಎಂದಿದ್ದೆ

ಮೊನ್ನೆ ಪೆಂಡುರ್ತಿಯ ನಮ್ಮ ಮನೆಯ ತಿರುವಿನಲ್ಲಿ ಪಂಕ್ಚರ್ ಅಂಗಡಿಯವನು ಸೈಕಲ್ ಟ್ಯೂಬಿಗೆ ಸಲ್ಯೂಷನ್ ಹಚ್ಚಿ ಊದುತ್ತಿದ್ದ. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. "ಏಂ ಕಾವಾಲಿ ಸಾರ್?" ಎಂದು ಅವನು ಎರಡು ಸಲ ಕೇಳಿದ ಮೇಲೆ, ಏನೂ ಬೇಡವೆಂದು ಕೈಯಾಡಿಸಿ ಮನೆಗೆ ಬಂದೆ. ದಾರಿಯುದ್ದಕ್ಕೂ ಮನಸ್ಸು ಮಾತ್ರ ತೊಂಬತ್ತರ ದಶಕದ ಆರಂಭದಲ್ಲಿ ಓಡಾಡುತ್ತಿತ್ತು.

ಆಗಲೂ ನಾನು ಇಲ್ಲೇ ವಿಶಾಖಪಟ್ಟಣದಲ್ಲಿ, ಹಡಗುಗಳ ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ಹಡಗಿನ ಹೊಟ್ಟೆಯೊಳಗಿನ ಪ್ರತಿ ಕೊಳವೆಯೂ ನನಗೆ ಗೊತ್ತಿತ್ತು, ಅದು ತೇಲುವ ನೀರಿನ ಪರಿಚಯ ಮಾತ್ರ ಇರಲಿಲ್ಲ. ನಾನು ಪಾವಗಡದ ಕಡೆಯವನು. ನಮ್ಮೂರಲ್ಲಿ ಎಮ್ಮೆಗೂ ಈಜು ಬರುತ್ತಿರಲಿಲ್ಲ. ಕಲಿಯಲು ಅದಕ್ಕೆ ನೀರಾದರೂ ಎಲ್ಲಿತ್ತು ಹೇಳಿ.

ನಮ್ಮದು ಮೂವರ ತಂಡ. ನೌಕಾಪಡೆಯಲ್ಲಿ ಮುಳುಗುಗಾರರಾಗಿದ್ದ ಗದಗಿನ ಬಸವರಾಜ್ ನಾಯಕರು. ಶಾಲೆಯಲ್ಲಿ ಆಟ ಕಲಿಸುತ್ತಿದ್ದ ಸರಳಾ ನಮ್ಮ ಓಟಗಾರ್ತಿ. ಅವಳ ಅಪ್ಪ ಮೈಸೂರಿನವರು, ಅಮ್ಮ ವಿಜಯನಗರಂ ಕಡೆಯವರು. ಅವಳ ಕನ್ನಡ ಎರಡು ಹೆಜ್ಜೆ ನಡೆದು ಮೂರನೆಯದನ್ನು ತೆಲುಗಿನಲ್ಲಿ ಇಡುತ್ತಿತ್ತು. ನಾನು ಸೈಕಲ್ ರಿಪೇರಿಯವನು. ಓಟ, ಸೈಕಲ್, ದೋಣಿ ಎಲ್ಲ ಸೇರಿಸಿ ನಡೆಸುವ ಸಾಹಸ ಸ್ಪರ್ಧೆ ಆಗ ಹೊಸ ಹುಚ್ಚು. ಮೊದಲ ವರ್ಷ ಭೀಮಿಲಿಯ ಕಡಲ ದಂಡೆಯಲ್ಲಿ ಓಡಿದೆವು. ನಾವು ಮುಗಿಸುವ ಹೊತ್ತಿಗೆ ಸಂಘಟಕರು ಬ್ಯಾನರ್ ಸುತ್ತಿಡುತ್ತಿದ್ದರು. ಪಾಪ, ನಮ್ಮನ್ನು ಕಂಡು ಮತ್ತೆ ಬಿಚ್ಚಿ ಹಿಡಿದರು.

ಮರುವರ್ಷದ ಸ್ಪರ್ಧೆ ವಿಜಯವಾಡದಲ್ಲಿ. ಅರ್ಜಿಯಲ್ಲಿ ಹೊಸದೊಂದು ಪ್ರಶ್ನೆಯಿತ್ತು: ಈಜು ಬರುತ್ತದೆಯೇ? ಬಸವರಾಜ್ ಪೆನ್ನು ಹಿಡಿದು ನನ್ನ ಮುಖ ನೋಡಿದರು. ಸಮುದ್ರದ ತಳ ಮುಟ್ಟಿ ಬರುವ ಮನುಷ್ಯನ ಎದುರು ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. "ಬರದೇ ಏನು" ಎಂದುಬಿಟ್ಟೆ. ಇನ್ನೂ ಒಂದೂವರೆ ತಿಂಗಳಿದೆ, ಕಲಿತರಾಯಿತು ಎಂಬ ಲೆಕ್ಕ. ಆ ಒಂದೂವರೆ ತಿಂಗಳಲ್ಲಿ ನಾನು ಮಾಡಿದ ಅಭ್ಯಾಸವೆಂದರೆ, ಬಚ್ಚಲಲ್ಲಿ ಬಕೆಟ್ಟಿನೊಳಗೆ ಮುಖ ಮುಳುಗಿಸಿ ಉಸಿರು ಹಿಡಿದದ್ದು. ಅದರಲ್ಲೂ ಎರಡು ಸಲ ಕೆಮ್ಮು ಬಂದು ಹೆಂಡತಿ ಬಾಗಿಲು ಬಡಿದಿದ್ದಳು.

ಸ್ಪರ್ಧೆಯ ಬೆಳಿಗ್ಗೆ ಎಲ್ಲವೂ ನಮ್ಮ ಪರವಾಗಿತ್ತು. ಕೊಂಡಪಲ್ಲಿ ಬೆಟ್ಟವನ್ನು ಸರಳಾ ಜಿಂಕೆಯಂತೆ ಹತ್ತಿದಳು. ನಾವಿಬ್ಬರು ಅವಳ ಹಿಂದೆ ಏದುಸಿರು ಬಿಡುತ್ತಾ ಹೋದೆವು. ಇಬ್ರಾಹಿಂಪಟ್ನಂ ದಾಟುವಾಗ, ವಿದ್ಯುತ್ ಸ್ಥಾವರದ ಚಿಮಣಿಗಳ ಎದುರಿಗೇ ಅವಳ ಸೈಕಲ್ ಪಂಕ್ಚರ್ ಆಯಿತು. ನಾಲ್ಕೇ ನಿಮಿಷದಲ್ಲಿ ತೇಪೆ ಹಾಕಿದೆ. ನದಿ ದಂಡೆ ಮುಟ್ಟಿದಾಗ ನಾವು ಮೂರನೆಯವರು. ಮೂರನೆಯ ಸ್ಥಾನಕ್ಕೂ ಬಹುಮಾನವಿತ್ತು. ನನ್ನ ಜನ್ಮದಲ್ಲಿ ನಾನು ಯಾವುದರಲ್ಲೂ ಮೂರನೆಯವನಾಗಿರಲಿಲ್ಲ.

ತೇಲುವ ಜಾಕೀಟು ತೊಟ್ಟು ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಹೋಗಿ, ಕೊನೆಯ ನೂರು ಗಜ ಮೂವರೂ ಈಜಿ ದಂಡೆ ಸೇರಬೇಕು. ಬಸವರಾಜ್ ನೀರಿಗಿಳಿದು, "ಹಾರ್ರಿ ಸರ" ಎಂದರು.

"ಬಸವರಾಜ್, ನನಗೆ ಈಜು ಬರಲ್ಲ."

ಅವರು ನಕ್ಕರು. ಸರಳಾ ನನ್ನ ಮುಖ ನೋಡಿದಳು. "ಅಯ್ಯೋ, ನಿಜಂಗಾನೇ ಹೇಳ್ತಿದಾರೆ" ಎಂದಳು. ಬಸವರಾಜರ ನಗು ನಿಂತಿತು.

ಕಾವಲು ದೋಣಿಯವನು ಹತ್ತಿರ ಬಂದು, ತನ್ನ ದೋಣಿಗೆ ಹತ್ತಿಕೊಳ್ಳಿ ಎಂದ. ಹತ್ತಿದರೆ ತಂಡವೇ ಹೊರಗೆ. ನಾನು ಕಾಲೆತ್ತಿದ್ದೆ.

"ನಿಂದರ್ರಿ" ಎಂದರು ಬಸವರಾಜ್. "ಜಾಕೀಟು ಬಿಗಿಯಾಗಿ ಕಟ್ಟೀರಿಲ್ಲೋ? ಸಾವಕಾಶ ಇಳೀರಿ. ನೀರಿನ ಮ್ಯಾಲೆ ಅಂಗಾತ ಮಕ್ಕೋರಿ. ನಾ ಎಳಕೊಂಡು ಹೋಗತೇನಿ."

ಇಳಿದೆ. ಇಳಿದವನೇ ಮಲಗುವುದನ್ನು ಮರೆತು ಅವರ ಕುತ್ತಿಗೆ ತಬ್ಬಿಕೊಂಡೆ. ಇಬ್ಬರೂ ಮುಳುಗಿದೆವು. ಮೇಲೆ ಬಂದಾಗ ಅವರು ನನ್ನ ಕೆನ್ನೆಗೊಂದು ಬಾರಿಸಿದರು. ಅಪ್ಪನ ನಂತರ ನನಗೆ ಹೊಡೆದವರು ಅವರೊಬ್ಬರೇ. ಕೈ ತಾನಾಗಿ ಸಡಿಲವಾಯಿತು. ಸರಳಾ ಪಕ್ಕದಲ್ಲಿ ಈಜುತ್ತಾ ನನ್ನ ಬೆರಳು ಹಿಡಿದುಕೊಂಡಳು. "ಅನ್ನಯ್ಯಗಾರೂ, ಉಸಿರು ಬಿಡಿ. ಆಕಾಶ ನೋಡಿ ಅಂಡಿ, ನೀರು ನೋಡಬೇಡಿ." ಕಿವಿಯಲ್ಲಿ ನೀರು ತುಂಬಿ ಲೋಕವೆಲ್ಲ ಮೌನವಾಯಿತು. ಮೇಲೆ ಬೆಳ್ಳಕ್ಕಿಗಳ ಸಾಲೊಂದು ಹೋಗುತ್ತಿತ್ತು. ಎರಡೂ ಬದಿಯಲ್ಲಿ ತಂಡಗಳು ನಮ್ಮನ್ನು ದಾಟಿಹೋಗುವುದು ನೀರಿನ ಅಲುಗಾಟದಲ್ಲೇ ತಿಳಿಯುತ್ತಿತ್ತು.

ಅಂತೂ ದಂಡೆ ಮುಟ್ಟಿದೆವು, ಎಲ್ಲರಿಗಿಂತ ಕೊನೆಗೆ. ಬಸವರಾಜ್ ಎದ್ದು ಹೋದರು. ಅವರಿಗೆ ಆ ಬಹುಮಾನ ಎಷ್ಟು ಬೇಕಾಗಿತ್ತೆಂದು ನನಗೆ ಗೊತ್ತಿತ್ತು. ಮರಳಿನ ಮೇಲೆ ತಲೆ ತಗ್ಗಿಸಿ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಅವರೇ ಇಡ್ಲಿ ಪೊಟ್ಟಣ ತಂದು ನನ್ನೆದುರು ಇಟ್ಟರು. "ತಿನ್ರಿ. ಸಾಂಬಾರ ಬ್ಯಾಡ ನಿಮಗ, ಹೊಟ್ಟಿ ತುಂಬ ನೀರು ಕುಡದೀರಿ." ಸರಳಾ ನಕ್ಕಳು. ನಗಬಹುದೋ ಬಾರದೋ ಎಂದು ತಿಳಿಯದೆ ನಾನು ಇಡ್ಲಿ ಮುರಿದೆ.

ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೆ ಮನೆಯ ಬಾಗಿಲಲ್ಲಿ ಬಸವರಾಜ್ ಹೆಗಲಿಗೆ ಟವೆಲ್ ಹಾಕಿಕೊಂಡು ನಿಂತಿದ್ದರು. "ನಡೀರಿ" ಎಂದರು, ಅಷ್ಟೇ. ಮೂರು ತಿಂಗಳು ಈಜುಕೊಳದಲ್ಲಿ ನನ್ನನ್ನು ಬಡಿದು ಬಗ್ಗಿಸಿ ಈಜು ಕಲಿಸಿದರು. ಆಮೇಲೆ ಅವರಿಗೆ ಕೊಚ್ಚಿಗೆ ವರ್ಗವಾಯಿತು, ಸರಳಾ ಮದುವೆಯಾಗಿ ಗುಂಟೂರಿಗೆ ಹೋದಳು. ತಂಡ ಚದುರಿತು. ನಾನು ಕ್ಷಮೆ ಕೇಳುವುದೊಂದು ಉಳಿದೇಹೋಯಿತು. ಇವತ್ತು ಕೇಳೋಣ, ನಾಳೆ ಕೇಳೋಣ ಎಂದು ಮೂವತ್ತು ವರ್ಷ ತಳ್ಳುವುದು ಕಷ್ಟವೇನಲ್ಲ ನೋಡಿ.

ಮೊನ್ನೆ ಮನೆಗೆ ಬಂದವನು ಚೀಲ ಕೆಳಗಿಟ್ಟು ನಿವೃತ್ತರಾಗಿ ಗದಗಿನಲ್ಲಿರುವ ಬಸವರಾಜರಿಗೆ ಫೋನು ಮಾಡಿದೆ. ಅವರ ಮೊಣಕಾಲು, ನನ್ನ ಸಕ್ಕರೆ ಕಾಯಿಲೆ ಎಲ್ಲ ವಿಚಾರಿಸಿಕೊಂಡ ಮೇಲೆ ಹೇಳಿದೆ: "ಬಸವರಾಜ್, ಅವತ್ತು ನಾನು ಸುಳ್ಳು ಹೇಳಬಾರದಿತ್ತು. ನನ್ನಿಂದ ಮೂರನೇ ಸ್ಥಾನ ಹೋಯಿತು. ತಪ್ಪಾಯಿತು."



"ಸರ, ಮೂರನೇದವರಾಗಿ ಬಂದಿದ್ರ ಇಷ್ಟೊತ್ತಿಗೆ ಮರತು ಬಿಟ್ಟಿರತಿದ್ವಿ" ಎಂದರು. "ಮೊನ್ನೆ ನಮ್ಮ ಮೊಮ್ಮಗಳಿಗೆ ನಿಮ್ಮ ಕಥಿನ ಹೇಳಿದೆ. ನಾ ನಿಮಗ ಹೊಡದದ್ದು ಮಾತ್ರ ಬಿಟ್ಟೆ."

"ಅದನ್ನೂ ಹೇಳಿ" ಎಂದೆ.