ನೀಲಮ್ಮತ್ತೆಯ ಆಯೇರಿ

ಪಕ್ಕದ ಮನೆಯಿಂದ ಪಲ್ಯ ಬಂದ ಬಟ್ಟಲು ನೀಲಮ್ಮತ್ತೆಯ ಅಡುಗೆಮನೆಯಿಂದ ಖಾಲಿ ವಾಪಸು ಹೋದದ್ದನ್ನು ನಾನು ನೋಡಿಲ್ಲ. ಏನೂ ಇಲ್ಲದ ದಿನ ಅದರಲ್ಲಿ ಒಂದು ಹಿಡಿ ಸಕ್ಕರೆಯಾದರೂ ಇರುತ್ತಿತ್ತು. "ಮಂದಿದು ಇಟ್ಕೊಂಡ್ರ ನನಗ ನಿದ್ದಿ ಹತ್ತಂಗಿಲ್ಲ ಬೇ" ಎನ್ನುತ್ತಿದ್ದಳು. ಮದುವೆಯಲ್ಲಿ ಯಾರಾದರೂ ಅವಳಿಗೆ ಸೀರೆ ಆಯೇರಿ ಮಾಡಿದರೆ, ಅಂದರೆ ಉಡುಗೊರೆ ಕೊಟ್ಟರೆ, ಅವರ ಮನೆಯಲ್ಲಿ ಮುಂದಿನ ಕಾರ್ಯ ಯಾವಾಗ ಎಂದು ಅಲ್ಲಿಯೇ ವಿಚಾರಿಸುವಳು. ತಾನೂ ಅಂಥದೇ ಸೀರೆ ಕೊಟ್ಟು ಮುಗಿಸುವವರೆಗೆ ಚಡಪಡಿಕೆ.

ಅತ್ತೆ ನನ್ನ ಅಪ್ಪನ ಅಕ್ಕ. ಅಫಜಲಪುರದ ಶಾಲೆಯೊಂದರಲ್ಲಿ ಹಿಂದಿ ಟೀಚರ್. ಮಾವ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಾನು ಗುಲಬರ್ಗಾದಲ್ಲಿ ಎಂ.ಎಸ್ಸಿ. ಮುಗಿಸಿದ ವರ್ಷ, ತೊಂಬತ್ತರ ದಶಕದಲ್ಲಿ, ಅವಳ ವಸಡಿನಿಂದ ರಕ್ತ ಬರತೊಡಗಿತು. ಮೈಮೇಲೆ ನೀಲಿ ಕಲೆಗಳೆದ್ದವು. ಸೊಲ್ಲಾಪುರದ ವೈದ್ಯರು ರಕ್ತ ನೋಡಿ ನೇರ ಮುಂಬೈಗೆ ಕಳಿಸಿದರು. ರಕ್ತದ ಕ್ಯಾನ್ಸರ್, ಅದೂ ತೀವ್ರ ಸ್ವರೂಪದ್ದು. ಜೊತೆಗೆ ನಾನು ಹೋದೆ. ನಾನು ಮಾತು ಕಡಿಮೆಯವಳು. ಅವಳು ಸಲೈನ್ ಹಚ್ಚಿಸಿಕೊಂಡೇ ವಾರ್ಡಿನವರ ಹಿಂದಿ ತಿದ್ದುತ್ತಿದ್ದಳು.

ಮೊದಲ ಸುತ್ತಿನ ಔಷಧಕ್ಕೆ ರೋಗ ಅಡಗಿತು. ಅಡಗಿದ್ದು ಮತ್ತೆ ಎದ್ದೀತು, ಒಡಹುಟ್ಟಿದವರ ಅಸ್ಥಿಮಜ್ಜೆ ಹೊಂದಿದರೆ ಅದನ್ನು ಹಾಕುವುದು ಒಳ್ಳೆಯದು ಎಂದರು ಡಾಕ್ಟರು. ಆಳಂದದಿಂದ ಅಪ್ಪ, ಜೇವರ್ಗಿಯಿಂದ ಕಾಕಾ ಬಂದಿಳಿದರು. ಪರೀಕ್ಷೆಗೆ ರಕ್ತ ಕೊಟ್ಟು ಬಂದವರು ಕಾರಿಡಾರಿನಲ್ಲೇ ವಾದಕ್ಕೆ ನಿಂತರು.

"ಅಕ್ಕಗ ನಂದೇ ಕೂಡ್ತದ. ಮೂಗು ನೋಡು, ಇಬ್ಬರದೂ ಒಂದೇ ಅಚ್ಚು," ಎಂದರು ಅಪ್ಪ.

"ಮಜ್ಜಿ ಮೂಗಿನಾಗ ಇರ್ತದೇನೋ ಅಣ್ಣಾ?" ಎಂದರು ಕಾಕಾ.

ಅತ್ತೆ ಮಾತ್ರ ನನ್ನ ಕೈ ಹಿಡಿದು ಪಿಸುಗುಟ್ಟಿದಳು: "ಸೀರಿಗೆ ಸೀರಿ ಕೊಡಬಹುದು ಸುಮಿ. ಎಲುವಿನಾಗಿಂದು ತೆಗೆದು ಕೊಟ್ಟಾಂವಗ ನಾ ಏನ್ ತಿರುಗಿ ಕೊಡ್ಲಿ?"

ಇಬ್ಬರದೂ ಹೊಂದಲಿಲ್ಲ. ತಾವು ಕೊಟ್ಟ ಆಯೇರಿ ಮುಖದ ಮುಂದೆಯೇ ಹಿಂದಕ್ಕೆ ಬಂದವರಂತೆ ಅಪ್ಪ ಗೋಡೆ ನೋಡುತ್ತ ಕುಳಿತರು.

ಆಗ ಡಾಕ್ಟರು ಇನ್ನೊಂದು ದಾರಿ ಹೇಳಿದರು. ರೋಗ ಅಡಗಿರುವಾಗಲೇ ಅತ್ತೆಯ ಸೊಂಟದ ಎಲುಬಿನಿಂದ ಅವಳದೇ ಮಜ್ಜೆ ತೆಗೆದು ಹೆಪ್ಪುಗಟ್ಟಿಸಿ ಇಡುವುದು. ಆಮೇಲೆ, ಒಳಗೆ ಉಳಿದಿರಬಹುದಾದ ರೋಗವೆಲ್ಲ ಸಾಯುವಷ್ಟು ಕಠಿಣ ಔಷಧ. ಅದರಿಂದ ಮೈಯೊಳಗಿನ ಮಜ್ಜೆಯೂ ಸಾಯುತ್ತದೆ. ಆಗ ತೆಗೆದಿಟ್ಟದ್ದನ್ನು ರಕ್ತನಾಳದ ಮೂಲಕ ಮರಳಿ ಕೊಡುವುದು. ಅದು ಬೇರೂರದಿದ್ದರೆ ಅತ್ತೆ ಉಳಿಯುವುದಿಲ್ಲ. ಬೇರೂರಿದರೂ, ತೆಗೆದಿಟ್ಟದ್ದರಲ್ಲಿ ರೋಗದ ಕಣಗಳು ಸೇರಿಕೊಂಡಿದ್ದರೆ ಅದು ಮತ್ತೆ ಬರಬಹುದು. ಏನನ್ನೂ ಮುಚ್ಚಿಡದೆ ಅವಳಿಗೆ ಹೇಳಿದೆ.

ಅತ್ತೆ ಹಾಸಿಗೆಯಲ್ಲಿ ಎದ್ದೇ ಕುಳಿತಳು. "ಅಂದ್ರ ನನಗ ನಂದೇ ಆಯೇರಿ! ಯಾರಿಗೂ ತಿರುಗಿ ಕೊಡೂದಿಲ್ಲ! ಏನ್ ನೋಡ್ಕೋತ ನಿಂತಿ? ಹೂಂ ಅಂತ ಹೇಳಿ ಬಾ, ಜಲ್ದಿ ಹೋಗು."

ಮಜ್ಜೆ ಮರಳಿ ಬಂದ ದಿನ ಅದು ಸಾಧಾರಣ ರಕ್ತದ ಚೀಲದಂತೆಯೇ ಕಂಡು ನನಗೆ ಕೊಂಚ ನಿರಾಸೆಯಾಯಿತು. ಆದರೆ ಅದು ಇಳಿಯತೊಡಗಿದ ಮೇಲೆ ಕೋಣೆಯೆಲ್ಲ ಬೆಳ್ಳುಳ್ಳಿಯ ವಾಸನೆ. ಹೆಪ್ಪುಗಟ್ಟಿಸುವಾಗ ಬೆರೆಸಿದ ದ್ರವದ್ದು ಎಂದಳು ನರ್ಸ್.

"ನನ್ನ ಎಲುವಿನಾಗ ಬಳ್ಳೊಳ್ಳಿ ಖಾರ ತುಂಬ್ಯಾದ. ರೊಟ್ಟಿ ಒಂದು ಕಡಿಮಿ ನೋಡು," ಎಂದಳು ಅತ್ತೆ.

ಮುಂದಿನ ದಿನಗಳು ಕೆಟ್ಟವು. ಜ್ವರ, ಬಾಯಿತುಂಬ ಹುಣ್ಣು. ಅವಳ ಮಾತೇ ನಿಂತಿತು. ಸೋಂಕು ತಗಲದಿರಲೆಂದು ಈಗ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ; ಗಾಜಿನ ಈಚೆ ನಿಂತು ನಾನು ಅವಳ ಬೆರಳು ಅಲುಗುವುದನ್ನು ಕಾಯುತ್ತಿದ್ದೆ. ದಿನಾ ರಕ್ತ ಪರೀಕ್ಷೆ. ದಿನಾ ಬಿಳಿ ಕಣಗಳು ಇಲ್ಲವೆನ್ನುವಷ್ಟು ಕಡಿಮೆ. ಒಂದು ಬೆಳಗ್ಗೆ ಡಾಕ್ಟರು ಹೆಚ್ಚುಕಡಿಮೆ ಓಡುತ್ತಲೇ ಬಂದರು. ಕಣಗಳು ಏರಿದ್ದವು. ಮರುದಿನ ಇನ್ನಷ್ಟು, ಅದರ ಮರುದಿನ ಅದರ ದುಪ್ಪಟ್ಟು! ನಾನು ಮೆಟ್ಟಿಲಿಳಿದು ಎಸ್‌ಟಿಡಿ ಬೂತಿಗೆ ಓಡಿ ಆಳಂದಕ್ಕೆ ಫೋನ್ ಹಚ್ಚಿದೆ.

"ಅಪ್ಪಾ, ಬಂತು! ಅತ್ತಿದು ಬಂತು! ತಾನಾಗೇ ಬೆಳಿಯಾಕತ್ತದ!"

ತರಗತಿಯಲ್ಲಿ ಹಾಜರಿ ಕೂಗಿದರೂ ಮೆಲ್ಲಗೆ ಓಗೊಡುತ್ತಿದ್ದ ನಾನು ಕಿರುಚುತ್ತಿದ್ದೆ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಬೂತಿನವನು ಮರಾಠಿಯಲ್ಲಿ ಕೇಳಿದ, ಗಂಡೋ ಹೆಣ್ಣೋ?

ಹೆಣ್ಣು, ಎಂದೆ.

ಅತ್ತೆ ಊರಿಗೆ ಮರಳಿದಾಗ ಅಫಜಲಪುರದ ಅರ್ಧ ಊರು ಸೀರೆ ಹಿಡಿದು ನೋಡಲು ಬಂತು. "ಸತ್ತಿದ್ರ ಇಷ್ಟು ತ್ರಾಸ ಇರಲಿಲ್ಲ ನೋಡ್ರಿ," ಎಂದು ಬಂದವರೆದುರೇ ನಗುತ್ತ, ಒಂದೊಂದನ್ನೂ ತೀರಿಸುತ್ತ ಹೋದಳು. ಬೋಳಾಗಿದ್ದ ತಲೆಗೆ ಗುಂಗುರು ಕೂದಲು ಬಂದಿತ್ತು. ಶಾಲೆಯಲ್ಲಿ ಹುಡುಗಿಯರಿಗೆ ಅದನ್ನು ಮುಟ್ಟಿ ನೋಡಲು ಬಿಡುತ್ತಿದ್ದಳಂತೆ.

ಮೂರು ವರ್ಷ ಹಾಗೆ ಓಡಾಡಿದಳು. ಆಮೇಲೆ ರೋಗ ಮರಳಿತು, ಈ ಸಲ ಬಹಳ ದಿನ ಕಾಯಲಿಲ್ಲ. ನಾನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಅವಳನ್ನು ಕೊನೆಯ ಸಲ ಕಂಡದ್ದು ಅದಕ್ಕೂ ಮೊದಲು, ಕೆಲಸಕ್ಕೆ ಸೇರಲು ಹೊರಟಾಗ. ನನ್ನ ಉಡಿಗೆ ಒಂದು ಇಳಕಲ್ ಸೀರೆ ಹಾಕಿದಳು.

"ಮುಂಬೈದಾಗ ಗಾಜಿನ ಆಚಿ ನಿಂತಿದ್ದಿಯಲ್ಲ, ಅದಕ್ಕ."

"ಇದನ್ನ ನಾ ಯಾವಾಗ ತಿರುಗಿಸ್ಲಿ ಅತ್ತಿ?"

ಗುಂಗುರು ಕೂದಲು ಹಿಂದಕ್ಕೆ ತಳ್ಳಿ, ನನ್ನನ್ನು ನೋಡಿ ನಕ್ಕಳು. "ತಿರುಗಿಸಬ್ಯಾಡ ಬೇ. ಇಟ್ಕೊಂಡು ಆರಾಮ ನಿದ್ದಿ ಮಾಡು."