ಕಿರುಬೆರಳಿನ ಆಟ

ನಮ್ಮ ಓನರ್ ಆಂಟಿಯ ಹತ್ತು ಬೆರಳುಗಳಲ್ಲಿ ಫೋನು ಗುರುತು ಹಿಡಿಯುತ್ತಿದ್ದುದು ಬಲಗೈಯ ಕಿರುಬೆರಳನ್ನು ಮಾತ್ರ. ಕಳೆ ಕಿತ್ತು, ಅವರೆಕಾಯಿ ಬಿಡಿಸಿ ಉಳಿದ ಬೆರಳುಗಳ ತುದಿ ಹುಣಸೆ ತೊಗಟೆಯಂತಾಗಿತ್ತು. ಹೆಬ್ಬೆರಳಿನಿಂದ ಎಷ್ಟು ಉಜ್ಜಿದರೂ ಪರದೆ ಮಿಸುಕುತ್ತಿರಲಿಲ್ಲ. "ಇದೊಂದು ಬೆರಳು ಸೋಮಾರಿ ಕಣಮ್ಮ, ಜನ್ಮದಲ್ಲಿ ಗೇಯ್ದಿಲ್ಲ. ಅದಕ್ಕೇ ಇದ್ನ ಆಟಕ್ಕೆ ಬಿಟ್ಟಿದೀನಿ," ಎನ್ನುತ್ತಿದ್ದರು.

ಆಟ ಹಾಕಿಕೊಟ್ಟವಳು ನಾನೇ. ಹದಿನಾರು ಚೌಕ, ಹದಿನೈದು ಅಂಕಿ, ಒಂದು ಜಾಗ ಖಾಲಿ. ಪಕ್ಕದ ಅಂಕಿಯನ್ನು ಆ ಖಾಲಿ ಜಾಗಕ್ಕೆ ಜಾರಿಸುತ್ತಾ ಜಾರಿಸುತ್ತಾ ಒಂದರಿಂದ ಹದಿನೈದರವರೆಗೆ ಸಾಲಾಗಿ ಕೂರಿಸಬೇಕು, ಅಷ್ಟೇ. ಬೆಳಿಗ್ಗೆ ರಂಗೋಲಿ ಎಳೆದು, ಮೆಟ್ಟಿಲ ಮೇಲೆ ಕೂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಆಂಟಿ ಶುರುಮಾಡಿದರೆ ಸೊಪ್ಪಿನವನು ಕೂಗಿದರೂ ಕೇಳದು. ಹದಿನೈದು ಮಾತ್ರ ಯಾವಾಗಲೂ ತಪ್ಪು ಮೂಲೆಯಲ್ಲೇ ಕೂತುಬಿಡುತ್ತಿತ್ತು. "ಲೇ ಹದಿನೈದು, ಅಲ್ಲಾಡೋ!" ಎಂದು ಅವರು ಗದರುವುದು ಎರಡನೇ ಮಹಡಿಯ ನಮ್ಮ ಅಡುಗೆಮನೆಗೂ ಕೇಳುತ್ತಿತ್ತು.

ಕೋಣನಕುಂಟೆಯಲ್ಲಿ ಅವರ ಹೊಲವಿದ್ದ ಜಾಗದಲ್ಲೇ ಎದ್ದ ಕಟ್ಟಡ ಅದು. "ಆಗ ಅವರೆ ಬೆಳೀತಿದ್ವಿ, ಈಗ ಬಾಡಿಗೆಯೋರ್ನ ಬೆಳೀತೀವಿ." ಒಟ್ಟು ಐದು ಮನೆ. ಕೆಳಗೆ ಆಂಟಿ, ಅವರ ಎದುರು ರಿಟೈರ್ ಆದ ಒಬ್ಬ ಅಂಕಲ್. ನಡುವಿನ ಮಹಡಿಯ ಒಂದೇ ದೊಡ್ಡ ಮನೆಯಲ್ಲಿ ಹುಬ್ಬಳ್ಳಿ ಕಡೆಯ ಹೊಸ ದಂಪತಿ. ಮೇಲೆ ನಾವು, ನಮ್ಮ ಪಕ್ಕದ್ದು ಸದಾ ಖಾಲಿ. ಅದಕ್ಕೆ ಟು-ಲೆಟ್ ಬೋರ್ಡನ್ನೇ ಅವರು ಹಾಕುತ್ತಿರಲಿಲ್ಲ. "ಒಂದು ಖಾಲಿ ಇರ್ಲಿ. ಎಲ್ಲಾ ತುಂಬೋದ್ರೆ ಯಾರೂ ಅಲ್ಲಾಡಕ್ಕಾಗಲ್ಲ." ಆಟದ ಹುಚ್ಚು ತಲೆಗೇರಿದೆ ಎಂದು ನಾವೆಲ್ಲ ನಗುತ್ತಿದ್ದೆವು.

ನಮ್ಮ ಅತ್ತೆಗೆ ಮಂಡಿಯ ಆಪರೇಷನ್ ಆಯಿತು. ಕೆಲವು ತಿಂಗಳು ಮೆಟ್ಟಿಲ ಸುದ್ದಿಗೇ ಹೋಗಬಾರದು ಎಂದರು ಡಾಕ್ಟರು. ನಾಲ್ಕು ದಿನಕ್ಕೆ ಡಿಸ್ಚಾರ್ಜ್; ಮನೆಯೋ ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ನಿಲ್ಲಿಸಿದ ಜಾಗದಲ್ಲೇ ನಿಂತು ಬೆಳೆದವಳು ನಾನು. ಜಾಗ ಬದಲಿಸಿಕೊಡಿ ಎಂದು ಕೇಳಲು ಬಾಯಿ ಬರಲಿಲ್ಲ. ತಾರಸಿಯಲ್ಲಿ ಬಟ್ಟೆ ಒಣಹಾಕುವಾಗ ನನ್ನ ಮುಖ ನೋಡಿದ ಆಂಟಿ, ಅವರೆಕಾಯಿ ಸುಲಿದಂತೆ ನನ್ನಿಂದ ಮಾತು ಸುಲಿದುಕೊಂಡು, ನೇರ ಅಂಕಲ್ ಬಾಗಿಲಿಗೆ ಹೋದರು.

"ಸಾರ್, ನೀವು ಮೇಲಿನ ಖಾಲಿ ಮನೆಗೆ ಹೋಗಿ. ಗಾಳಿ ಚೆನ್ನಾಗ್ ಬತ್ತದೆ."

"ಗಾಳಿ ಸರಿ ಮೇಡಂ, ನನ್ ಸ್ಕೂಟರ್ ಯಾರು ನೋಡ್ತಾರೆ? ಕಿಟಕೀಲಿ ಒಂದು ಕಣ್ಣಿಟ್ಟಿರ್ಬೇಕು."

"ಅದ್ನ ಯಾರು ನೋಡಕ್ ಬತ್ತಾರೆ ಸಾರ್? ಮದುವೆ ಹೆಣ್ಣಾ ಅದು?"

ಅಂಕಲ್ ಮೆತ್ತಗೆ ಬಾಗಿಲು ಹಾಕಿಕೊಂಡರು. "ಹದಿನೈದು ಕಣಮ್ಮ ಈವಯ್ಯ," ಎಂದರು ಆಂಟಿ.

ಮರುದಿನ ಬೆಳಿಗ್ಗೆ ಹಾಲು ತರಲು ಇಳಿದರೆ ಆಂಟಿಯ ಮನೆಯ ಪಾತ್ರೆಗಳೆಲ್ಲ ಅಂಗಳದಲ್ಲಿ! ತಲೆಗೆ ಟವೆಲ್ ಸುತ್ತಿಕೊಂಡು ದೇವರ ಪಟಗಳನ್ನು ಸೀರೆಯಲ್ಲಿ ಗಂಟು ಕಟ್ಟುತ್ತಿದ್ದರು. ತಾವು ಮೇಲಿನ ಖಾಲಿ ಮನೆಗೆ, ನಾವು ಅವರ ಮನೆಗೆ.

"ಆಂಟಿ, ಬೇಡ. ನಿಮ್ಮ ಸ್ವಂತ ಮನೆ..."

"ನಾನೂ ಒಂದು ನಂಬರ್ ತಾನೇ? ಬರೀ ಬ್ಯಾರೆಯೋರ್ನೇ ಎಷ್ಟು ತಳ್ಳಾಡ್ಲಿ? ಸರಿಯಾಗಿ ಕೂತಿರೋದ್ನ ಒಂದ್ಸಲ ಕೆಡಿಸ್ದೆ ಆಟ ಮುಂದಕ್ಕೆ ಹೋಗಲ್ಲ."

"ನಿಮಗೂ ಮಂಡಿ ನೋವಿದೆಯಲ್ಲ?"

"ನಂದು ಹೊಲದ ಮಂಡಿ, ನಿಮ್ಮತ್ತೇದು ಆಸ್ಪತ್ರೆ ಮಂಡಿ. ಎಲ್ಡೂ ಒಂದೇನಾ? ಗಂಟು ಹಿಡ್ಕೊ!"

ಆ ದಿನ ಎರಡು ಮನೆಯಲ್ಲೂ ಹಾಲುಕ್ಕಿಸಿದೆವು. ಆಂಟಿ ಒಲೆಯ ಮೇಲೆ ಹಾಲಿಟ್ಟು ಫೋನು ಹಿಡಿದು ಕೂತಿದ್ದರಿಂದ ಮೇಲಿನ ಮನೆಯಲ್ಲಿ ಹಾಲು ಕಟ್ಟೆ ದಾಟಿ ನೆಲಕ್ಕೂ ಇಳಿಯಿತು. "ಇರ್ಲಿ, ಶಕುನ ಜಾಸ್ತಿ ಆಯ್ತು," ಎಂದರು, ಕಿರುಬೆರಳು ಎತ್ತದೆ.

ವಯಸ್ಸಾದವರಿಗೆ ಫೋನಾಟವೇ ಎಂದು ಮೂಗು ಮುರಿಯುತ್ತಿದ್ದವರು ನಮ್ಮ ಅತ್ತೆ. ವಾಕರ್ ಹಿಡಿದು ಆಂಟಿಯ ಜಗಲಿಯಲ್ಲಿ ಕೂರುವುದೇ ಅವರ ಕೆಲಸವಾಯಿತು. ಮೇಲಿನಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯುತ್ತಿತ್ತು; ಅತ್ತೆ ಸೊಪ್ಪು ಕೊಂಡು ಹಾಕಿದರೆ ಏರುತ್ತಿತ್ತು. ಒಂದು ದಿನ ಬುಟ್ಟಿಯಲ್ಲಿ ಫೋನೇ ಬಂತು, ಆಟ ಅರ್ಧಕ್ಕೆ ನಿಂತಿತ್ತು. ಅತ್ತೆ ಆಚೀಚೆ ನೋಡಿ, ನಾಲ್ಕು ಅಂಕಿ ಜಾರಿಸಿ, ಮೆಂತ್ಯದ ಕಟ್ಟಿನ ಮೇಲಿಟ್ಟು ಕಳಿಸಿದರು.

"ನನ್ ಹನ್ನೆರಡ್ನ ಕೆಡಿಸ್ದೋಳು ಯಾವಳು?" ಎಂದು ಮೇಲಿನಿಂದ ಕೂಗು ಬಂತು.

"ಕೆಡಿಸದೆ ಮುಂದಕ್ಕೆ ಹೋಗುತ್ತೇನ್ರೀ?" ಎಂದು ಅತ್ತೆ ಕತ್ತೆತ್ತಿ ಕೂಗಿದರು. ಅಲ್ಲಿಂದಾಚೆ ಫೋನು ದಿನಾ ಇಳಿಯಿತು. ಅತ್ತೆಯ ಮಂಡಿ ವಾಸಿಯಾದ ಮೇಲೂ ಆಂಟಿ ಕೆಳಗೆ ಬರಲು ಒಪ್ಪಲಿಲ್ಲ. ಹಪ್ಪಳ ಒಣಗಿಸಲು ತಾರಸಿ ಹತ್ತಿರವಂತೆ.

ಮಾಗಿಯ ಒಂದು ಬೆಳಿಗ್ಗೆ ಬುಟ್ಟಿ ಇಳಿಯಲಿಲ್ಲ. ಆಂಟಿ ನಿದ್ದೆಯಲ್ಲೇ ಹೋಗಿದ್ದರು.

ಕಾರ್ಯವೆಲ್ಲ ಮುಗಿದ ಮೇಲೆ ಗಿರಿನಗರದಲ್ಲಿರುವ ಅವರ ಮಗಳು ಅಂಗಳದಲ್ಲಿ ನಿಂತು, "ಮೇಲೆ ಎರಡೂ ಖಾಲಿ ಆಯ್ತಲ್ಲ, ಬೋರ್ಡ್ ಹಾಕ್ಲಾ?" ಎಂದು ಕೇಳಿದರು. ಅಷ್ಟರಲ್ಲಿ ಹುಬ್ಬಳ್ಳಿಯ ಹುಡುಗಿ ಏಳು ತಿಂಗಳ ಹೊಟ್ಟೆ ಹೊತ್ತು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಅವಳಿಗೂ ಡಾಕ್ಟರು ಮೆಟ್ಟಿಲು ಬೇಡವೆಂದಿದ್ದರು. ಅಂಕಲ್ ಬಾಗಿಲು ತೆರೆಯಿತು. ಅವರ ಕೈಯಲ್ಲಿ ಸ್ಕೂಟರಿನ ಕೀ.

"ಮೇಡಂ ಇದ್ದ ಮನೆಗೆ ನಾನು ಹೋಗ್ತೀನಿ. ಈ ಹುಡುಗಿ ಕೆಳಗೆ ಬರ್ಲಿ."

"ಬ್ಯಾಡ್ರಿ ಅಂಕಲ್, ನಿಮಗ್ಯಾಕ ತ್ರಾಸು?"

"ತ್ರಾಸೇನಿಲ್ಲಮ್ಮ. ಸ್ಕೂಟರ್ ಕಡೆ ಸ್ವಲ್ಪ ನೋಡ್ಕೊ, ಸಾಕು."

ನಾನು ಬಾಯಿಬಿಟ್ಟು ಕೇಳಲಾರದೆ ನಿಂತಿದ್ದ ದಿನ ನೆನಪಾಗಿ ಕಣ್ಣು ಮಂಜಾಯಿತು. ಅಂಕಲ್ ಮಂಚ ಮೆಟ್ಟಿಲೇರುವುದನ್ನು ಅತ್ತೆ ಜಗಲಿಯಲ್ಲಿ ಕೂತು ಕೊನೆಯವರೆಗೂ ನೋಡಿದರು. ಆಮೇಲೆ ಬುಟ್ಟಿ ಇಳಿಯುತ್ತಿದ್ದ ಕಡೆ ಕತ್ತೆತ್ತಿ, ಹಳೆಯ ಗಂಟಲಲ್ಲೇ ಕೂಗಿದರು: "ಕೇಳಿಸ್ತೇನ್ರೀ? ಹದಿನೈದು ಅಲ್ಲಾಡ್ತು!"

ಮೇಲಿನಿಂದ ಅಂಕಲ್ ಗಾಬರಿಯಾಗಿ ತಲೆ ಹೊರಗೆ ಹಾಕಿದರು. "ಏನ್ ಮೇಡಂ, ಸ್ಕೂಟರ್‌ಗೆ ಏನಾದ್ರೂ ಆಯ್ತಾ?"