ಗೊತ್ತಿಲ್ಲವೆಂದು ಬರೆದಿದ್ದ ಪುಸ್ತಕ

ಮೊಣಕಾಲು ನೋವಿಗೆ ಎಣ್ಣೆ ತರಲು ಮೊನ್ನೆ ಗ್ರಂಧಿಗೆ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಬೇರೆ ಯಾರಿಗೋ ಕೊಡಲೆಂದು ಬಾವಂಚಿ ಎಣ್ಣೆಯ ಸೀಸೆ ತೆರೆದ. ಆ ಕಟು ವಾಸನೆ ಮೂಗಿಗೆ ಬಡಿದದ್ದೇ ತಡ, ಶಿಕಾರಿಪುರದ ನಮ್ಮ ಹಿತ್ತಲು ಕಣ್ಣ ಮುಂದೆ ಬಂತು. ಬೇಲಿಯಾಚೆ, ಮುಂಗೈಗೆ ಅದೇ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೈಚಾಚಿ ಕೂತಿರುತ್ತಿದ್ದ ಪಕ್ಕದ ಮನೆಯ ಅಕ್ಕ...

ಐವತ್ತರ ದಶಕದ ಕೊನೆ ಅದು. ನನಗೆ ಹದಿನೇಳು, ಅಕ್ಕನಿಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ. ಅವಳನ್ನು ಸೊರಬಕ್ಕೆ ಕೊಟ್ಟಿದ್ದರು. ಮಗಳು ಹುಟ್ಟಿದ ಮರುವರ್ಷ ಮುಂಗೈ ಮೇಲೆ ಬಿಳಿ ಮಚ್ಚೆ ಕಾಣಿಸಿತು. ತೊನ್ನು ಅಂದರು, ಅಂಟುತ್ತದೆ ಅಂದರು. ಮಗುವನ್ನು ತಾವೇ ಇಟ್ಟುಕೊಂಡು ಅವಳನ್ನು ಅಣ್ಣನ ಮನೆಗೆ ಕಳಿಸಿಬಿಟ್ಟರು. ಇಲ್ಲಿಯೂ ಅವಳಿಗೆ ಬೇರೆ ತಟ್ಟೆ, ಬೇರೆ ಲೋಟ. ಅತ್ತಿಗೆ ಕೆಟ್ಟವಳಲ್ಲ, ಹೆದರಿದ್ದಳು ಅಷ್ಟೇ.

ಊರಿನ ವಾಚನಾಲಯದಿಂದ ನಾನು ಕಾದಂಬರಿ ತರುತ್ತಿದ್ದೆ, ಬೇಲಿಯ ಎರಡೂ ಕಡೆ ಕೂತು ಓದುತ್ತಿದ್ದೆವು. ಒಂದು ದಿನ ಓದದ ಕಾದಂಬರಿ ಒಂದೂ ಉಳಿದಿರಲಿಲ್ಲ. ಬರಿಗೈಲಿ ಬರಲು ಮನಸ್ಸಾಗದೆ ಮನುಷ್ಯನ ದೇಹದ ಬಗ್ಗೆ ಬರೆದ ತೆಳ್ಳನೆಯ ಪುಸ್ತಕವೊಂದನ್ನು ತಂದೆ. ವಿಜ್ಞಾನವನ್ನು ನಮ್ಮಂಥವರಿಗೂ ತಿಳಿಯುವ ಹಾಗೆ ಬರೆದದ್ದು.

"ಇದರಾಗೆ ಕತೀನೇ ಇಲ್ಲಲ್ಲೇ" ಅಂತ ಅಕ್ಕ ಮೂಗು ಮುರಿದಳು.

ಆದರೂ ಓದಿದೆವು. ಹೃದಯ, ಶ್ವಾಸಕೋಶ ಎಲ್ಲ ಮುಗಿದು ಚರ್ಮದ ಅಧ್ಯಾಯ ಬಂತು. ಜೋರಾಗಿ ಓದುತ್ತಿದ್ದ ನಾನು ನಡುವೆ ತಡವರಿಸಿದೆ. ಚರ್ಮಕ್ಕೆ ಬಣ್ಣ ಕೊಡುವ ಕಣಗಳು ಕೆಲಸ ನಿಲ್ಲಿಸಿದ ಕಡೆ ಬಿಳಿ ಮಚ್ಚೆ ಮೂಡುತ್ತದೆ, ಮುಟ್ಟಿದರೆ ಅದು ಇನ್ನೊಬ್ಬರಿಗೆ ಅಂಟುವುದಿಲ್ಲ, ಕಣಗಳು ಯಾಕೆ ನಿಲ್ಲುತ್ತವೆಂಬುದು ಇನ್ನೂ ಗೊತ್ತಿಲ್ಲ... ಹೀಗೆ ಬರೆದಿತ್ತು. ಅಕ್ಕ ಅದೇ ಪುಟವನ್ನು ಮೂರು ಸಲ ಓದಿಸಿದಳು.

"ಕಾರಣಾನೇ ಗೊತ್ತಿಲ್ಲ ಅಂದ ಮೇಲೆ ನಂಬೋದು ಹೆಂಗಕ್ಕ?" ಅಂದೆ.

ಅವಳು ಬೇಲಿಯ ಮೇಲಿಂದ ಪುಸ್ತಕ ಇಸಿದುಕೊಂಡಳು. "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಬರ್ದಾನ. ಅದಕ್ಕೇ, ಗೊತ್ತೈತಿ ಅಂದಿದ್ದನ್ನ ನಂಬಬೌದು."

ಆ ಮಾತಿಗೆ ಸೋತು ಅವಳ ಲೋಟದ ನೀರು ಕುಡಿದುಬಿಟ್ಟೆ. ಧೈರ್ಯದಿಂದಲ್ಲ. ಆಮೇಲೆ ಎಷ್ಟೋ ದಿನ ಕನ್ನಡಿಯಲ್ಲಿ ತುಟಿ ನೋಡಿಕೊಂಡಿದ್ದೇನೆ.

ಮುಂದಿನ ವಾರ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಸೊರಬಕ್ಕೆ ಹೊರಟಳು. ಜೊತೆಗೆ ನಾನು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಹೋದೆವು. ಅತ್ತೆ ಜಗಲಿ ಹತ್ತಿಸಲಿಲ್ಲ. ಗಂಡ ಒಳಗಿನಿಂದ ಹೊರಗೇ ಬರಲಿಲ್ಲ. ಅಂಗಳದಲ್ಲಿ ನಿಂತೇ ಅಕ್ಕ ಆ ಪುಟ ಓದಿದಳು.

"ಎಂಥಾ ಪುಸ್ತಕ ಮಾರಾಯ್ತಿ! ಅದನ್ನ ಬರ್ದವ ನಾಳೆ ನನ್ನ ಮೊಮ್ಮಗಳಿಗೆ ಗಂಡು ಹುಡುಕಿಕೊಡ್ತಾನಾ?" ಅಂದರು ಅತ್ತೆ.

"ಗಂಡಿನ ಮಾತು ಆಮೇಲೆ, ಅತ್ತೆ. ಕೂಸು ಊಟ ಮಾಡಿತಾ ಅಂತ ಕೇಳಾಕ ಬಂದೀನಿ."

ಅತ್ತೆ ಒಳಗೆ ನಡೆದರು. ಆದರೆ ಜಗಲಿಯಲ್ಲಿ ಕೂತಿದ್ದ ಮಾವ ಕನ್ನಡಕ ಏರಿಸಿ, "ಅದನ್ನ ಇಲ್ಲಿ ಇಟ್ಟು ಹೋಗು, ನೋಡ್ತೀನಿ" ಅಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಅಳಲಿಲ್ಲ. "ಮುಂದಿನ ತಿಂಗಳು ಮತ್ತೆ ಬರಣು" ಅಂದಳು.

ತಿಂಗಳಿಗೊಮ್ಮೆ ಹೋದೆವು. ಮಾವ ಪುಸ್ತಕ ಪೂರ್ತಿ ಓದಿದ್ದರು. ಅಂಗಳದಲ್ಲಿ ನಿಂತ ಸೊಸೆಯನ್ನು ಒಂದೊಂದೇ ಕೇಳುತ್ತಿದ್ದರು. ಅಪ್ಪ ಅಮ್ಮನಿಂದ ಬರೋದಾ? ಗಾಳಿಯಿಂದ ಬರೋದಾ? ಗೊತ್ತಿದ್ದಷ್ಟು ಹೇಳುತ್ತಿದ್ದಳು. ಗೊತ್ತಿಲ್ಲದ್ದಕ್ಕೆ ಆಸ್ಪತ್ರೆಯ ಡಾಕ್ಟರನ್ನು ಕೇಳಿಕೊಂಡು ಮುಂದಿನ ಸಲ ಉತ್ತರ ತರುತ್ತಿದ್ದಳು. ಐದನೆಯ ಸಲ ಮಾವ ಎಲೆ-ಅಡಿಕೆ ತಟ್ಟೆಯನ್ನು ಅವಳ ಕಡೆಗೆ ಸರಿಸಿದರು. "ಮೇಲೆ ಬಾ. ಒಂದು ಎಲೆ ಮಡಚಿ ಕೊಡು." ಅವಳು ಜಗಲಿ ಹತ್ತಿ ಎಲೆ ಮಡಚಿ ಕೊಟ್ಟಳು. ಎಲ್ಲರೆದುರು ಬಾಯಿಗೆ ಹಾಕಿಕೊಂಡು, "ಕೂಸನ್ನ ಕರೀರಿ" ಅಂದರು.

ಮಗು ಬಂತು. ಅಕ್ಕ ಕೈ ಚಾಚಿದಳು. ಮಗು ಆ ಕೈ ನೋಡಿ ಚೀರಿ ಅಜ್ಜನ ಪಂಚೆಯ ಹಿಂದೆ ಅಡಗಿಕೊಂಡಿತು... ಅಕ್ಕನ ಆಗಿನ ಮುಖ ನಾನು ಮರೆಯಲಾರೆ. ಅವಳು ಮುಂದಕ್ಕೆ ಹೋಗಲಿಲ್ಲ. ಅಲ್ಲೇ ನೆಲದ ಮೇಲೆ ಕೂತು, ಪುಸ್ತಕದಲ್ಲಿದ್ದ ಹೃದಯದ ಚಿತ್ರ ತೆಗೆದು, ಅದು ಲಬ್‌ಡಬ್ ಅನ್ನೋದು ಹೆಂಗೆ ಅಂತ ಮಗುವಿಗೆ ಹೇಳತೊಡಗಿದಳು. ಬಸ್ಸಿನ ಹೊತ್ತಾಗುವಷ್ಟರಲ್ಲಿ ಮಗು ಎರಡು ಹೆಜ್ಜೆ ಹತ್ತಿರ ಬಂದಿತ್ತು.

ಆ ಎರಡು ಹೆಜ್ಜೆ ಅವಳ ಮಡಿಲು ಸೇರಲು ಇನ್ನೂ ಒಂದು ವರ್ಷ ಹಿಡಿಯಿತು. ಶಾಲೆಗೆ ಸೇರಿಸುವ ಹೊತ್ತಿಗೆ ಮಗಳು ಶಿಕಾರಿಪುರದಲ್ಲಿದ್ದಳು. ಗಂಡನ ಮನೆಯವರು ಆಮೇಲೆ ಅಕ್ಕನನ್ನೂ ಕರೆದರು. ಅವಳು ಹೋಗಲಿಲ್ಲ.

ನಾನು ಮದುವೆಯಾಗಿ ಬಂದ ಮೇಲೂ ನಮ್ಮಿಬ್ಬರ ಓದು ನಿಲ್ಲಲಿಲ್ಲ. ನಕ್ಷತ್ರ, ಭೂಕಂಪ, ಜೇನುಹುಳ... ಒಂದೇ ಪುಸ್ತಕ ಇಬ್ಬರೂ ಓದಿ ಕಾಗದದಲ್ಲಿ ಜಗಳವಾಡುತ್ತಿದ್ದೆವು. "ಅಲ್ಲೇ, ಸರಿಯಾಗಿ ಓದೀಯೇನು?" ಅಂತಲೇ ಅವಳ ಕಾಗದ ಶುರುವಾಗುತ್ತಿತ್ತು.

ಹೋದ ಚಳಿಗಾಲದಲ್ಲಿ ಅಕ್ಕ ತೀರಿಕೊಂಡಳು. ಮಗಳು ಫೋನು ಮಾಡಿ, "ಕೊನೇತನಕ ಅಮ್ಮನ ಕೈ ಹಿಡಕೊಂಡೇ ಇದ್ದೆ" ಅಂದಳು.

ಈಗ ಇರುವೆಗಳ ಬಗ್ಗೆ ಒಂದು ಪುಸ್ತಕ ಓದುತ್ತಿದ್ದೇನೆ. ಅದರಲ್ಲಿ ಒಂದು ಮಾತು ನನಗೆ ಸುತರಾಂ ಒಪ್ಪಿಗೆಯಿಲ್ಲ. ಅಕ್ಕನಿಗೆ ಕಾಗದ ಬರೆಯೋಣವೆಂದು ಎದ್ದು ಪೆನ್ನು ಹುಡುಕಿದೆ. ಸಿಕ್ಕಿತು. ಕೈಲಿ ಹಿಡಿದು ಸುಮ್ಮನೆ ನಿಂತೆ.